ಫ್ಲೆಕ್ಸಿನ ಕೆಳಗಿನ ಸಾಲು

ನನ್ನ ಕುರ್ಚಿಗೆ ಹೊಸದಾಗಿ ಬಂದ ಹುಡುಗಿ ಮೊದಲ ದಿನವೇ ಕೇಳಿದಳು: "ಮೇಡಂ, ಇಲ್ಲಿ ಮುಖ್ಯ ಏನು ಕಲೀಬೇಕ್ರಿ?" ಕಂಪ್ಯೂಟರ್ ಎಂದು ಹೇಳುತ್ತೇನೆ ಅಂದುಕೊಂಡಿದ್ದಳೇನೋ, ಪಾಪ. "ನಲವತ್ತು ಮಂದಿ ಬರ್ತೀವಿ ಅಂದ್ರ ಒಗ್ಗರಣಿ ಮಿರ್ಚಿ ಎಷ್ಟು ಮಂದಿಗೆ ಹೇಳಬೇಕು ಅನ್ನೋದು ಕಲಿಯವ್ವ, ಉಳಿದಿದ್ದು ತಾನ ಬರ್ತೈತಿ" ಅಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ತಿಂಡಿ ಕಡಿಮೆ ಬಿದ್ದ ಸಭೆಯಲ್ಲಿ ಯಾವ ಒಳ್ಳೆಯ ಕೆಲಸಕ್ಕೂ ಒಬ್ಬರೂ ಕೈ ಎತ್ತುವುದಿಲ್ಲ.

ಹೊಸಪೇಟೆಯಲ್ಲಿ ಒಂದು ಪಂಪ್‌ಸೆಟ್ ಅಂಗಡಿಯ ಮಹಡಿಯ ಮೇಲೆ ನಮ್ಮ ಸೇವಾ ಕ್ಲಬ್ಬಿನ ಕಚೇರಿ. ಅಲ್ಲಿ ನಾನು ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದೆ. ಸದಸ್ಯರೆಂದರೆ ಅಕ್ಕಿ ಗಿರಣಿಯವರು, ಲಾರಿ ಮಾಲೀಕರು, ಡಾಕ್ಟರುಗಳು, ಕಾಲೇಜಿನ ಮೇಷ್ಟ್ರುಗಳು. ಎಲ್ಲರೂ ತಮ್ಮ ದಂಧೆ ಬಿಟ್ಟು ಬಂದು ಪುಕ್ಕಟೆ ಸೇವೆ ಮಾಡುವವರು. ಸಂಬಳ ತೆಗೆದುಕೊಂಡು ಸೇವೆ ಮಾಡುತ್ತಿದ್ದವಳು ನಾನೊಬ್ಬಳೇ. ಅಧ್ಯಕ್ಷರು ಪ್ರತಿ ಜುಲೈ ತಿಂಗಳಿಗೆ ಬದಲಾಗುತ್ತಾರೆ. ಅಂದರೆ ನನಗೆ ಮೂವತ್ತೊಂದು ಜನ ಸಾಹೇಬರು. ರಕ್ತದಾನ ಶಿಬಿರ ಉದ್ಘಾಟಿಸಿ, ಸೂಜಿ ನೋಡಿದ ಕೂಡಲೇ ಎಚ್ಚರ ತಪ್ಪಿ ಬಿದ್ದವರೊಬ್ಬರು. ವರ್ಷವಿಡೀ ಒಂದೇ ಭಾಷಣ ಮಾಡಿ, ಕೊನೆಯ ಸಭೆಯಲ್ಲಿ ಅದನ್ನೂ ಮರೆತವರೊಬ್ಬರು. ಎಲ್ಲರನ್ನೂ ನಾನೇ ತಿದ್ದಿ ತೀಡಿ ಕಳಿಸಿದ್ದು. ಅವರು ಒಪ್ಪುವುದಿಲ್ಲ, ಒಪ್ಪದಿದ್ದರೆ ಬಿಡಲಿ.

ಗುರುವಾರದ ಸಭೆ ಎಂದರೆ ನನಗೆ ಹಬ್ಬ. ಜಗಳವಿಲ್ಲದ ಗುರುವಾರವನ್ನು ನಾನು ನೋಡಲಿಲ್ಲ. ಮೈಕು ಯಾರು ಹಿಡಿಯಬೇಕು, ಶಿಬಿರ ಮರಿಯಮ್ಮನಹಳ್ಳಿಗೋ ಗಾದಿಗನೂರಿಗೋ ಎಂದು ಮೇಜು ಗುದ್ದಿ ಕೂಗಾಡಿದವರೇ ಮರುದಿನ ಬೆಳಿಗ್ಗೆ ಒಂದೇ ಜೀಪಿನಲ್ಲಿ ತೊಡೆಗೆ ತೊಡೆ ತಾಗಿಸಿ ಕುಳಿತು ಹೊರಡುತ್ತಿದ್ದರು. ಒಬ್ಬ ಸದಸ್ಯರ ತಾಯಿ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವರು ಹಿಂದಿನ ವಾರ ಅವರೊಂದಿಗೆ ಮಾತು ಬಿಟ್ಟಿದ್ದವರು. ಹೊರಗಿನವರಿಗೆ ಸೇವೆ ಕಾಣುತ್ತದೆ. ಒಳಗಿದ್ದ ನನಗೆ ಈ ಗೆಳೆತನವೇ ದೊಡ್ಡದಾಗಿ ಕಂಡಿತ್ತು, ಈಗಲೂ ಹಾಗೇ ಕಾಣುತ್ತದೆ.

ತಪ್ಪು ಮಾಡಿದ್ದನ್ನೂ ಹೇಳಬೇಕಲ್ಲ. ಸಂಡೂರು ಸೀಮೆಯ ಒಂದು ಊರಿನ ಶಾಲೆಗೆ ಕ್ಲಬ್ಬಿನವರು ಹೆಣ್ಣುಮಕ್ಕಳಿಗಾಗಿ ಶೌಚಾಲಯ ಕಟ್ಟಿಸಿದರು. ಚೆಂದದ ಕಟ್ಟಡ. ಆದರೆ ದೊಡ್ಡವರೊಬ್ಬರು ಬಂದು ರಿಬ್ಬನ್ ಕತ್ತರಿಸುವವರೆಗೆ ತೆಗೆಯಬಾರದು ಎಂದು ಬೀಗ ಹಾಕಿದೆವು. ದೊಡ್ಡವರಿಗೆ ಪುರುಸೊತ್ತಾಗಲಿಲ್ಲ, ಮೂರು ತಿಂಗಳು ಹೋಯಿತು. ನಾನು ಏನೋ ಕೆಲಸಕ್ಕೆ ಹೋದಾಗ ಹುಡುಗಿಯರು ಬೀಗ ಹಾಕಿದ ಬಾಗಿಲ ಮುಂದೆಯೇ ಹಾದು ಬಯಲಿಗೆ ಹೊರಟಿದ್ದರು. ನನಗೆ ರೇಗಿಹೋಯಿತು. ಬೀಗದ ಕೈ ನನ್ನ ಚೀಲದಲ್ಲೇ ಇತ್ತು. ಏಳನೇ ತರಗತಿಯ ಒಬ್ಬಳನ್ನು ಕರೆದು ಅವಳ ಕೈಯಲ್ಲೇ ರಿಬ್ಬನ್ ಕತ್ತರಿಸಿ ಬಂದೆ. ಆ ವರ್ಷದ ಅಧ್ಯಕ್ಷರಿಗೆ "ಉದ್ಘಾಟನೆ ಆತ್ರಿ ಸರ್" ಅಂದೆ. ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ಚಹಾ ತರಿಸಿ, "ಹುಡುಗಿ ಹೆಸರೇನ್ರಿ?" ಎಂದು ಕೇಳಿದರು.

ಕೆಲಸದ ರೀತಿಯೂ ಎಷ್ಟು ಬದಲಾಯಿತು. ಮೊದಲು ಶಿಬಿರದ ಸುದ್ದಿ ಹಳ್ಳಿಗಳಿಗೆ ಮುಟ್ಟಿಸಲು ಪೋಸ್ಟ್ ಕಾರ್ಡು ಬರೆಯುತ್ತಿದ್ದೆ. ಆಮೇಲೆ ಮೈಕು ಕಟ್ಟಿದ ಆಟೊ ಬಂತು, ಈಗ ವಾಟ್ಸಾಪು. ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಶುಭೋದಯಗಳ ನಡುವೆ ಶಿಬಿರದ ತಾರೀಖು ಹುಡುಕುವುದೇ ಒಂದು ಸೇವೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂದರೆ ಫ್ಲೆಕ್ಸು. ಏನು ಮಾಡಿದರೂ ಅದಕ್ಕೊಂದು ಫ್ಲೆಕ್ಸು. ಅದನ್ನು ಅಚ್ಚಿಗೆ ಕೊಡುವ ಮುಂಚೆ ನೋಡಿ ಒಪ್ಪಿಗೆ ಕೊಡುವುದು ಗುಮಾಸ್ತೆಯ ಕೆಲಸ. ಮೇಲಿನ ಸಾಲಿನಲ್ಲಿ ಅಧ್ಯಕ್ಷರ ಮುಖ ಕಾರ್ಯದರ್ಶಿಯ ಮುಖಕ್ಕಿಂತ ಚೂರು ದೊಡ್ಡದಿರಬೇಕು. ಖಜಾಂಚಿಯ ಇನಿಷಿಯಲ್ ತಪ್ಪಬಾರದು. ಹಳೆಯ ಅಧ್ಯಕ್ಷರು ಯಾರೂ ಬಿಟ್ಟುಹೋಗಬಾರದು, ಬಿಟ್ಟುಹೋದರೆ ಮುಂದಿನ ಗುರುವಾರ ನನ್ನ ಗ್ರಹಚಾರ. ಈ ವಿದ್ಯೆಯಲ್ಲಿ ನಾನು ಪಳಗಿದವಳು. ಪಳಗಿದ್ದಕ್ಕೇ ಪಂಪಣ್ಣನ ವಿಷಯದಲ್ಲಿ ಎಡವಿದೆ.

ಪಂಪಣ್ಣ ಹಂಪಿಯ ಕಡೆ ಹೊಳೆಯಲ್ಲಿ ಹರಿಗೋಲು ನಡೆಸುವವನು. ಐವತ್ತೈದು ದಾಟಿದ ಗಟ್ಟಿ ಆಳು. ನಮ್ಮ ಕಣ್ಣಿನ ಶಿಬಿರಕ್ಕೆ ಆಚೆ ದಂಡೆಯ ಮುದುಕ ಮುದುಕಿಯರನ್ನು ಪ್ರತಿ ವರ್ಷ ಪುಕ್ಕಟೆ ದಾಟಿಸಿ ಕರೆತರುತ್ತಿದ್ದ. ಹರಿಗೋಲಿನಲ್ಲಿ ಅವನ ಪಕ್ಕಕ್ಕೇ ಹೆಂಡತಿ ಹುಲಿಗೆಮ್ಮ. ಅವಳ ಬಾಯಿ ಇಡೀ ಹೊಳೆಗೆ ಪ್ರಸಿದ್ಧ. ಈ ದಂಡೆಯಿಂದ ಆ ದಂಡೆ ಮುಟ್ಟುವವರೆಗೆ ಗಂಡನನ್ನು ಬೈಯುತ್ತಲೇ ಇರುವಳು. ಕುಳಿತವರಿಗೆ ಅದೊಂದು ಮನರಂಜನೆ.

ಒಂದು ವರ್ಷ ಶಿಬಿರದ ಕರಪತ್ರ ಹಂಚಿ ಆಚೆ ದಂಡೆಯಿಂದ ನಾನೊಬ್ಬಳೇ ಅವರ ಹರಿಗೋಲಿನಲ್ಲಿ ಬರುತ್ತಿದ್ದೆ. ಹುಲಿಗೆಮ್ಮ ಶುರು ಮಾಡಿದಳು. "ಬಲಗಡಿ ಏನ್ ಹಲ್ಲು ಕಿಸೀತಿ, ಅಲ್ಲಿ ನಿಮ್ಮ ಮಾವ ಕುಂತಾನೇನು?" ಪಂಪಣ್ಣ ಎಡಕ್ಕೆ ಹೊರಳಿಸಿದ. ಬಲಕ್ಕೆ ನೋಡಿದರೆ ನೀರಿನ ಮಟ್ಟಕ್ಕೆ ಒಂದು ಬಂಡೆ. "ಯಾಕ ಹಂಗ ಅವಸರ ಮಾಡ್ತಿ, ಹೆರಿಗಿ ಬ್ಯಾನಿ ಬಂದಾವೇನು?" ಅವನು ನಿಧಾನ ಮಾಡಿದ. ಮುಂದೆ ಸುಳಿ. ಆಗ ಅವಳಿಗೆ ಕೆಮ್ಮು ಹತ್ತಿತು, ಬಿಡದ ಕೆಮ್ಮು. ಬೈಗುಳ ನಿಂತಿತು. ಪಂಪಣ್ಣನ ಕೈಯಲ್ಲಿನ ಹುಟ್ಟೂ ನಿಂತಿತು. ನಡುಹೊಳೆಯಲ್ಲಿ ಹರಿಗೋಲು ತಾನೇ ತಿರುಗುತ್ತಾ ನಿಂತಿತು. ಅವನು ಕತ್ತು ಓರೆ ಮಾಡಿಕೊಂಡು ಹೆಂಡತಿಯ ಮಾತಿಗೆ ಕಾಯುತ್ತಿದ್ದ.

ದಂಡೆಗೆ ಬಂದು ಇಳಿದ ಮೇಲೆ ಇಬ್ಬರನ್ನೂ ನಿಲ್ಲಿಸಿ ಕೇಳಿದೆ. "ಎಷ್ಟು ದಿವಸ ಆತು?"

"ಎದರದು ಯಕ್ಕ?" ಅಂದ ಪಂಪಣ್ಣ.

"ನಿನ್ನ ಕಣ್ಣಿಂದು."

ಅವನು ಹೊಳೆಯ ಕಡೆ ತಿರುಗಿದ. ಹುಲಿಗೆಮ್ಮನೇ ಹೇಳಿದಳು. "ಎರಡು ವರ್ಷ ಆತ್ರಿ ಯಕ್ಕ. ಮೊದ್ಲು ಮಂಜು ಮಂಜು ಅಂದ. ಈಗ ಬೆಳಕು ಕತ್ತಲಿ ಅಷ್ಟ. ಯಾರಿಗೂ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಹರಿಗೋಲಿನಾಗ ಕೂಸು ಕುನ್ನಿ ಕುಂದರ್ತಾವ. ಒಂದು ಮುಳುಗಿದ್ರ ಯಾರು ಜವಾಬ್ದಾರಿ?" ಎಂದು ನಾನು ಬಾಯಿಗೆ ಬಂದಂತೆ ಬೈದೆ. ಬೈಯುವುದರಲ್ಲಿ ಹುಲಿಗೆಮ್ಮನಿಗಿಂತ ನಾನೇನೂ ಕಡಿಮೆ ಬೀಳಲಿಲ್ಲ. ಪಂಪಣ್ಣ ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದ. "ಖರೆ ಐತ್ರಿ. ಆದ್ರ ಕಣ್ಣು ಹೋದಾವು ಅಂತ ಗೊತ್ತಾದ್ರ ಹನುಮಂತಜ್ಜ ನನ್ನ ಪಾಳಿ ತೆಗೀತಾನ. ಒಮ್ಮೆ ಹೋದ ಪಾಳಿ ತಿರುಗಿ ಬರಂಗಿಲ್ಲ. ನನಗ ಬ್ಯಾರೆ ಏನು ಬರ್ತೈತಿ ಯಕ್ಕ?"

ಅಲ್ಲಿನ ಪದ್ಧತಿ ಹಾಗೆ. ಹೊಳೆಯಲ್ಲಿ ಯಾರು ಯಾವಾಗ ಹರಿಗೋಲು ಹಾಕಬೇಕೆಂಬುದಕ್ಕೆ ಒಬ್ಬೊಬ್ಬರಿಗೂ ಒಂದು ಪಾಳಿ. ಎಲ್ಲರಿಗೂ ಹಿರಿಯನಾದ ಹನುಮಂತಜ್ಜ ಹೇಳಿದ್ದೇ ಕಾಯಿದೆ. ಕೂಲಿಗೆಂದು ಬೇರೆ ಊರಿಗೆ ಹೋದವನ ಪಾಳಿಯನ್ನು ಕಾಯುತ್ತಾರೆ. ಕಣ್ಣೋ ತೋಳೋ ಸೋತವನದನ್ನು ಕಾಯುವುದಿಲ್ಲ, ಸಾಲಿನಲ್ಲಿ ಮುಂದಿರುವವನಿಗೆ ಕೊಟ್ಟುಬಿಡುತ್ತಾರೆ. ಅದು ಸರಿಯಾದ ಕಾಯಿದೆ ಎಂದು ನನಗೆ ಗೊತ್ತಿತ್ತು. ಆದರೆ ಪೊರೆ ತೆಗೆದರೆ ಬರುವ ಕಣ್ಣು ಅದು ಎಂಬುದೂ ಗೊತ್ತಿತ್ತು. ಶಿಬಿರಕ್ಕೆ ಎಷ್ಟು ಜನರನ್ನು ದಾಟಿಸಿದವನು, ತಾನು ಮಾತ್ರ ಸಾಲಿನಲ್ಲಿ ನಿಲ್ಲಲು ಹೆದರಿದ್ದ. ನೆನೆಸಿಕೊಂಡರೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಒಂದು ಒಪ್ಪಂದವಾಯಿತು. ಆ ಗಳಿಗೆಯಿಂದ ಅವನು ಹುಟ್ಟು ಮುಟ್ಟಬಾರದು, ಜ್ವರ ಬಂದಿದೆ ಎಂದು ಹೇಳಿಕೊಳ್ಳಬೇಕು. ನಾನು ಯಾರಿಗೂ ಗೊತ್ತಾಗದಂತೆ ಆಪರೇಷನ್ ಮಾಡಿಸಬೇಕು.

ಆ ವರ್ಷದ ಅಧ್ಯಕ್ಷರು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದ್ದ ಗೌಡರು. ದೊಡ್ಡ ದನಿ, ದೊಡ್ಡ ಹೊಟ್ಟೆ, ಬೆಣ್ಣೆಯಂಥ ಮನಸ್ಸು. ಫ್ಲೆಕ್ಸು ಎಂದರೆ ಪ್ರಾಣ. ಗುಟ್ಟು ಅವರಿಗೆ ಹೇಳುವುದೋ ಬೇಡವೋ ಎಂದು ಮೂರು ದಿನ ಒದ್ದಾಡಿ ಹೇಳಿದೆ. "ನೀಲಮ್ಮಾರ, ನನ್ನ ಬಾಯಾಗಿಂದ ಒಂದಕ್ಷರ ಹೊರಗ ಬಿದ್ರ ಕೇಳ್ರಿ" ಅಂದರು. ಹೇಳಿದಂತೆಯೇ ನಡೆದರು. ಜಾರಿದ್ದು ಅವರಲ್ಲ.

ಹೊಳೆಯ ಕಡೆಯವರು ಯಾರೂ ಬಾರದ ಸಂಡೂರಿನ ಶಿಬಿರಕ್ಕೆ ಪಂಪಣ್ಣನನ್ನು ಕ್ಲಬ್ಬಿನ ಟೋಪಿ ಹಾಕಿಸಿ, ಸ್ವಯಂಸೇವಕ ಎಂದು ಜೀಪಿನಲ್ಲಿ ಕೂರಿಸಿಕೊಂಡು ಹೋದೆವು. ಡಾಕ್ಟರಮ್ಮ ನೋಡಿ ಎರಡು ಕಣ್ಣಿನಲ್ಲೂ ಪೊರೆ ಹಣ್ಣಾಗಿದೆ, ಮೊದಲು ಬಲಗಣ್ಣು, ಎಡಗಣ್ಣು ಮುಂದಿನ ಸಲ ಅಂದರು. ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ನಾವೆಲ್ಲ ಸುತ್ತ ನಿಂತಿದ್ದೆವು. ಪಂಪಣ್ಣ ಕಣ್ಣು ಪಿಳಿಪಿಳಿ ಬಿಟ್ಟು ಎಲ್ಲರನ್ನೂ ನೋಡಿದ. ದೇವರ ಹೆಸರು ಹೇಳುತ್ತಾನೆ ಅಂದುಕೊಂಡೆ. ಅವನು, "ಗೌಡ್ರ, ನಿಮ್ಮ ಅಂಗಿ ಮ್ಯಾಲೆ ಸಾರು ಬಿದ್ದೈತ್ರಿ" ಅಂದ. ವಾರ್ಡಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಹುಲಿಗೆಮ್ಮ ನಗುತ್ತಾ ನಗುತ್ತಾ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಗೌಡರಿಗೆ ಎಷ್ಟು ಖುಷಿಯಾಯಿತೆಂದರೆ ಆ ಸಾರಿನ ಅಂಗಿಯಲ್ಲೇ, ಎಲ್ಲ ರೋಗಿಗಳನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದರು. ಪಟ್ಟಿ ಬಿಚ್ಚಿದ ಕಣ್ಣಿಗೆ ಬೆಳಕು ತಾಗದಂತೆ ಹಸಿರು ಬಟ್ಟೆ ಕಟ್ಟಿಕೊಂಡ ಪಂಪಣ್ಣ ಹಲ್ಲು ಕಿರಿದು ನಿಂತ.

ಆಮೇಲೆ ಗೌಡರು ಅವನನ್ನು ಕಂಪ್ಲಿಯ ತಮ್ಮ ಗಿರಣಿಗೆ ಕಾವಲಿಗೆ ಎಂದು ಕರೆದುಕೊಂಡು ಹೋದರು. ಹೊಳೆಯ ಕಡೆಯವರಿಗೆ ಗೊತ್ತಾಗಿದ್ದು ಅಷ್ಟೇ, ಪಂಪಣ್ಣ ಒಂದೂವರೆ ತಿಂಗಳು ಕೂಲಿಗೆ ಹೋಗಿದ್ದಾನೆ. ನಾನು ಪತ್ರಿಕೆಗೆ ಕಳಿಸಿದ ಪಟ್ಟಿಯಲ್ಲಿ ಅವನ ಹೆಸರು ಬಿಟ್ಟೆ. ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನನ್ನಂಥ ಜಾಣೆ ಇಲ್ಲವೆಂದು ನನಗೇ ಅನ್ನಿಸಿತ್ತು.

ಮೂರು ವಾರದ ಮೇಲೆ ಹುಲಿಗೆಮ್ಮನ ಫೋನು ಬಂತು. "ಯಕ್ಕಾ, ಒಮ್ಮೆ ಇಲ್ಲಿಗೆ ಬಂದು ನಿಮ್ಮ ಫ್ಲೆಕ್ಸ್ ನೋಡ್ಕೊಂಡು ಹೋಗ್ರಿ." ಅಷ್ಟೇ ಹೇಳಿ ಇಟ್ಟಳು. ಬೈಯಲಿಲ್ಲ. ಅವಳು ಬೈಯಲಿಲ್ಲವಲ್ಲ ಎಂದೇ ನನಗೆ ಭಯವಾಯಿತು.

ಹಂಪಿಯ ಹೊಳೆ ದಾರಿಯಲ್ಲಿ, ಹರಿಗೋಲಿನವರೆಲ್ಲ ಕೂತು ಚಹಾ ಕುಡಿಯುವ ಹೋಟೆಲಿನ ಎದುರಿಗೇ ಕಟ್ಟಿದ್ದರು. 'ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬಂಧುಗಳಿಗೆ ಅಭಿನಂದನೆಗಳು.' ಮೇಲಿನ ಸಾಲಿನಲ್ಲಿ ಅಧ್ಯಕ್ಷರ ಮುಖ ಚೂರು ದೊಡ್ಡದು, ಖಜಾಂಚಿಯ ಇನಿಷಿಯಲ್ ಸರಿಯಾಗಿದೆ, ಹಳೆಯ ಅಧ್ಯಕ್ಷರೆಲ್ಲ ಇದ್ದಾರೆ. ಕೆಳಗಿನ ಸಾಲಿನಲ್ಲಿ, ನಟ್ಟನಡುವೆ, ಹಸಿರು ಬಟ್ಟೆ ಕಟ್ಟಿಕೊಂಡ ಪಂಪಣ್ಣ. ಫ್ಲೆಕ್ಸಿನ ಅಂಗಡಿಯವನು ಮೊಬೈಲಿಗೆ ಕಳಿಸಿದಾಗ ನೋಡಿ ಓಕೆ ಹಾಕಿದವಳು ನಾನೇ. ಅಷ್ಟು ವರ್ಷ ಫ್ಲೆಕ್ಸು ತಿದ್ದಿದ ನಾನು ಒಂದು ದಿನವಾದರೂ ಕೆಳಗಿನ ಸಾಲಿನ ಮುಖಗಳನ್ನು ನೋಡಿರಲಿಲ್ಲ. ಅವರಿಗಾಗಿಯೇ ಶಿಬಿರ ಮಾಡುವುದು, ಅವರನ್ನೇ ನೋಡಿರಲಿಲ್ಲ. ಈ ಕೆಲಸಕ್ಕೆ ಬರುವವರೇ, ಇದೊಂದನ್ನು ನನ್ನಿಂದ ಕಲಿಯಿರಿ. ನನಗೆ ಅವತ್ತು ಆದಷ್ಟು ನಾಚಿಕೆ ಯಾವತ್ತೂ ಆಗಿಲ್ಲ.

ಹನುಮಂತಜ್ಜ ದಂಡೆಯ ಬೇವಿನ ಮರದ ಕಟ್ಟೆಯ ಮೇಲೆ ಕುಳಿತಿದ್ದ. ಎಪ್ಪತ್ತೈದಾದರೂ ಬೆನ್ನು ನೆಟ್ಟಗೆ. ಸುತ್ತ ಹತ್ತಾರು ಹರಿಗೋಲಿನವರು. ನಾನು ಕೈ ಮುಗಿದೆ. "ತಪ್ಪು ನಂದು ಯಜ್ಜ. ಮುಚ್ಚಿಟ್ಟಿದ್ದು ನಾನು, ಬಯಲು ಮಾಡಿದ್ದೂ ನಾನು."

"ಕುಂದರವ್ವ. ನೀನು ಮುಚ್ಚಿಟ್ಟಿದ್ದು ಒಂದು ತಿಂಗಳು. ಅವ ಎರಡು ವರ್ಷ ಮುಚ್ಚಿಟ್ಟಾನ. ಪಾಳಿ ಬಿಡಬೇಕು."

"ಈಗ ಕಣ್ಣು ಬಂದೈತಿ ಯಜ್ಜ. ಡಾಕ್ಟರು ಕಾಗದ ಬರೆದು ಕೊಡ್ತಾರ."

"ಕಾಗದ ಹೊಳಿ ದಾಟಸಂಗಿಲ್ಲವ್ವ" ಅಂದ ಅಜ್ಜ.

ನಾನು ಬಿಡಲಿಲ್ಲ. ಬೇಡಿದೆ, ವಾದ ಮಾಡಿದೆ, ಶಿಬಿರಕ್ಕೆ ಅವನು ದಾಟಿಸಿದ ಜನರ ಲೆಕ್ಕ ಹೇಳಿದೆ. ಕೊನೆಗೆ ಅಜ್ಜ ಹೇಳಿದ. "ಆತು. ಡಾಕ್ಟರು ಹೂಂ ಅಂದ ಮ್ಯಾಲೆ ಬರಲಿ. ಅವನೊಬ್ಬನ ಹರಿಗೋಲಿನಾಗ. ಹೆಂಡ್ತಿ ಈ ದಂಡಿಮ್ಯಾಲ, ಬಾಯಿ ಮುಚ್ಚಿಕೊಂಡು ಕುಂದರಬೇಕು. ಹೊಳ್ಯಾಗಿನ ಆ ಎರಡು ಬಂಡಿಗಲ್ಲಿನ ನಡುವ ಹಾಯ್ದು ಆಚಿ ದಂಡಿ ಕಲ್ಲಮಂಟಪದ ಮೆಟ್ಟಲು ಮುಟ್ಟಿದ್ರ ಪಾಳಿ ಅವಂದ. ಬಂಡಿಗೆ ತಾಗಿದ್ರ ಮುಗೀತು."

ಆ ದಿನ ಬಂತು. ಕ್ಲಬ್ಬಿಗೆ ಕ್ಲಬ್ಬೇ ಬಂದಿತ್ತು, ಒಂದು ಜೀಪು, ಎರಡು ಕಾರು. ಗೌಡರಿಗೆ ಹಾರ, ಫ್ಲೆಕ್ಸು ಏನೂ ತರಕೂಡದೆಂದು ಮೊದಲೇ ತಾಕೀತು ಮಾಡಿದ್ದೆ. ಅವರು ಒಂದು ಬುಟ್ಟಿ ತುಂಬ ಮಿರ್ಚಿ ತಂದಿದ್ದರು. ಆದರೆ ಒಬ್ಬರೂ ಮುಟ್ಟಲಿಲ್ಲ. ಗುರುವಾರ ಮೇಜು ಗುದ್ದುವವರೆಲ್ಲ ಅವತ್ತು ಬಾಯಿ ಬಿಡದೆ ಮರಳಿನ ಮೇಲೆ ಕುಳಿತಿದ್ದರು. ನಾನು ಅಜ್ಜನ ಪಕ್ಕ ಕಟ್ಟೆಯ ತುದಿಯಲ್ಲಿ ಕುಳಿತೆ. ಹುಲಿಗೆಮ್ಮ ನೀರಿನ ಅಂಚಿನ ಕಲ್ಲಿನ ಮೇಲೆ ಕುಳಿತು ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಳು.

ಪಂಪಣ್ಣ ಹೊರಟ. ಮೊದಲರ್ಧ ನೆಟ್ಟಗೆ ಹೋದ. ನಡುಹೊಳೆಗೆ ಬಂದ ಮೇಲೆ ಹುಟ್ಟು ನಿಂತಿತು. ಹರಿಗೋಲು ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಬಂಡೆಗಳು ಇಪ್ಪತ್ತು ಮಾರು ದೂರದಲ್ಲಿ. ಅವನಿಗೆ ಎಲ್ಲ ಕಾಣುತ್ತಿತ್ತು, ಅದು ನನಗೆ ಗೊತ್ತು. ಆದರೆ ಎರಡು ವರ್ಷ ಕಿವಿಯಿಂದ ಹೊಳೆ ದಾಟಿದವನು. ಕಿವಿಗೆ ಏನೂ ಬೀಳದೆ ಕೈ ಓಡಲಿಲ್ಲ. ಹುಲಿಗೆಮ್ಮ ಎದ್ದು ನಿಂತಳು. "ಯಾರೂ ಬಾಯಿ ತೆಗೀಬ್ಯಾಡ್ರಿ" ಅಂದ ಅಜ್ಜ. ಅವಳು ಮತ್ತೆ ಕುಳಿತಳು. ನೀರು ಹರಿಗೋಲನ್ನು ಮೆಲ್ಲಗೆ ಬಂಡೆಯ ಕಡೆಗೆ ಎಳೆಯುತ್ತಿತ್ತು. ಪಂಪಣ್ಣ ಮನೆದೇವರಿಗೆ ಹರಕೆ ಹೊತ್ತನೋ ಇಲ್ಲವೋ, ನಾನು ಹೊತ್ತೆ.

ಆಗ ಹೊಳೆಯ ಮೇಲಿಂದ ದೊಡ್ಡ ದನಿ ಕೇಳಿಸಿತು. "ಯಾಕಲೇ ಪಂಪ್ಯಾ, ಬಲಗಡಿ ಏನ್ ಹಲ್ಲು ಕಿಸೀತಿ? ಅಲ್ಲಿ ನಿಮ್ಮ ಮಾವ ಕುಂತಾನೇನು?" ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಹುಟ್ಟು ನೀರಿಗೆ ಬಿತ್ತು, ಹರಿಗೋಲು ಎಡಕ್ಕೆ ಹೊರಳಿತು. "ಜಲ್ದಿ ಎಳಿಯಲೇ, ಉಂಡ ಕೂಳು ಎಲ್ಲಿ ಹೋತು?" ದಂಡೆಯ ಮೇಲೆ ನಗು ಸಿಡಿಯಿತು. ಹರಿಗೋಲಿನವರು, ಕ್ಲಬ್ಬಿನವರು, ಎಲ್ಲರೂ ಒಬ್ಬರ ಹೆಗಲು ಒಬ್ಬರು ಹಿಡಿದು ನಗತೊಡಗಿದರು. ಅವನು ಹೆಂಡತಿಯ ಬೈಗುಳಗಳನ್ನು ಒಂದೂ ಬಿಡದೆ ತನಗೆ ತಾನೇ ಬೈದುಕೊಳ್ಳುತ್ತಾ ಎರಡು ಬಂಡೆಗಳ ನಡುವೆ ಹಾದ. ಎರಡಕ್ಕೂ ಒಂದೊಂದು ಮೊಳ ಜಾಗ ಬಿಟ್ಟು ಹಾದ. ಮಂಟಪದ ಮೆಟ್ಟಿಲಿಗೆ ಹರಿಗೋಲು ತಾಗಿಸಿ, ಮೇಲೆ ಹತ್ತಿ ನಿಂತು, ಹುಟ್ಟನ್ನು ತಲೆಯ ಮೇಲೆ ಎತ್ತಿದ. ಗೌಡರು ಮಿರ್ಚಿ ಬುಟ್ಟಿಯನ್ನೇ ಎತ್ತಿಕೊಂಡು ಕುಣಿದರು. ಹುಲಿಗೆಮ್ಮ ಮಾತ್ರ ಕಲ್ಲಿನ ಮೇಲೆ ಸುಮ್ಮನೆ ಕುಳಿತು ಆಚೆ ದಂಡೆಯನ್ನು ನೋಡುತ್ತಿದ್ದಳು.

ಎಲ್ಲರೂ ನೀರಿನ ಕಡೆಗೆ ಓಡಿದರು. ಕಟ್ಟೆಯ ಮೇಲೆ ಉಳಿದವರು ನಾನು ಮತ್ತು ಅಜ್ಜ. ಅಜ್ಜ ಎದ್ದಿರಲಿಲ್ಲ, ಏನೂ ಹೇಳಿರಲಿಲ್ಲ. ಪಾಳಿ ಕೊಡುವುದಿಲ್ಲವೇನೋ ಎಂದು ನನಗೆ ಇನ್ನೂ ಹೆದರಿಕೆ. ಅಜ್ಜ ನನ್ನ ಕಡೆಗೆ ಬಾಗಿ, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದ.

"ಯವ್ವಾ, ಮುಟ್ಟಿದ್ನೇನು?"

ನಾನು ಅವನ ಮುಖ ನೋಡಿದೆ. ಮಂಟಪ ಎಡಕ್ಕಿತ್ತು. ಅಜ್ಜ ನೆಟ್ಟಗೆ ಎದುರಿಗಿದ್ದ ಬರೀ ನೀರನ್ನು ನೋಡುತ್ತಿದ್ದ.

"ಮುಟ್ಟಿದ್ನ್ರಿ ಯಜ್ಜ. ಮೆಟ್ಟಲ ಮ್ಯಾಲ ನಿಂತಾನ. ಬಂಡಿಗೆ ತಾಗಲಿಲ್ಲ."

ಅಜ್ಜ ಎದ್ದು ನಿಂತು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಿದ. "ಪಾಳಿ ಪಂಪಣ್ಣಂದ." ಹೇಳಿ, ಕಟ್ಟೆಯನ್ನು ಕೈಯಿಂದ ತಡವಿ ಮತ್ತೆ ಕುಳಿತ.

ನನ್ನ ಚೀಲದಲ್ಲಿ ಮುಂದಿನ ಶಿಬಿರದ ಚೀಟಿಗಳಿದ್ದವು. ಒಂದು ತೆಗೆದು ತೊಡೆಯ ಮೇಲಿಟ್ಟುಕೊಂಡೆ. "ಯಜ್ಜ, ಪೂರಾ ಹೆಸರು ಹೇಳ್ರಿ" ಅಂದೆ ಮೆಲ್ಲಗೆ. ಅಜ್ಜ ತನ್ನ ಹೆಸರು, ತಂದೆಯ ಹೆಸರು ಹೇಳಿದ. ಬರೆದುಕೊಂಡೆ.

"ಯಾವ ಕಣ್ಣು ಯಜ್ಜ?"

"ಎರಡೂ" ಅಂದ.